ಶರಾವತಿ ಕಣಿವೆಯನ್ನು ಯಾರ್ಯಾರು ಏನೆಂದು ನೋಡಿದರು?

ಮಳೆಗಾಲ ಬಂತೆಂದರೆ ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಶುಕ್ರವಾರ ರಾತ್ರಿ ಹೊರಡುವ ಟೆಂಪೋ ಟ್ರಾವೆಲರ್‌ಗಳಲ್ಲಿ ಬಹಳಷ್ಟು ಜೋಗದ ದಾರಿ ಹಿಡಿಯುತ್ತವೆ. ಕಡಿಮೆ ಖರ್ಚಿನಲ್ಲಿ ಹೋಗುವವರಿಗೆ ಮೈಸೂರಿನಿಂದ ಬೆಂಗಳೂರು ಹಾದು ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲಿದೆ. ಬೆಳಗ್ಗೆ ತಾಳಗುಪ್ಪದಲ್ಲಿ ಇಳಿದರೆ ಜೋಗ ಹದಿನೈದು ಕಿಲೋಮೀಟರ್ ಆಸುಪಾಸು. ಜೋಗ ನೋಡಿದ ಮೇಲೆ ಹೊನ್ನಾವರದ ಕಡೆ ಘಾಟಿ ಇಳಿಯುವವರು ದಾರಿಯಲ್ಲಿ ಇನ್ನೊಂದು ಕಡೆ ಗಾಡಿ ನಿಲ್ಲಿಸುತ್ತಾರೆ. ಅದೇ ಮಲೆಮನೆ ಘಾಟಿಯ ಶರಾವತಿ ವ್ಯೂ ಪಾಯಿಂಟ್.

ಹಳೆಯ ರಾಷ್ಟ್ರೀಯ ಹೆದ್ದಾರಿ 206, ಈಗಿನ 69ರ ಪಕ್ಕದಲ್ಲೇ ಇದೆ ಈ ಜಾಗ. ಕೆಳಗೆ ನೋಡಿದರೆ ಎರಡೂ ಕಡೆ ದಟ್ಟ ಕಾಡಿನ ಗುಡ್ಡ, ನಡುವೆ ಹಸಿರು ಬಣ್ಣದ ನೀರು. ಜನ ಹತ್ತು ನಿಮಿಷ ನಿಲ್ಲುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಹೊರಡುತ್ತಾರೆ. ಕೆಳಗೆ ಕಾಣುವುದು ಹರಿಯುವ ಹೊಳೆ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ಹರಿಯುವ ಹೊಳೆಯಲ್ಲ, ಗೇರುಸೊಪ್ಪೆ ಅಣೆಕಟ್ಟಿನ ಹಿನ್ನೀರು.

ಈ ಕಣಿವೆಯನ್ನು ಮೇಲೆ ನಿಂತು ನೋಡಿದವರ ಚರಿತ್ರೆ ನಾಲ್ಕುನೂರು ವರ್ಷದ್ದು. ಒಬ್ಬೊಬ್ಬರಿಗೆ ಒಂದೊಂದು ಕಂಡಿದೆ. ಒಬ್ಬರಿಗೆ ಮೆಣಸು, ಒಬ್ಬರಿಗೆ ಚೆಲುವು, ಒಬ್ಬರಿಗೆ ಕರೆಂಟು. ಈಗ ಬೆಂಗಳೂರಿಗೆ ಕುಡಿಯುವ ನೀರು ಕಾಣುತ್ತಿದೆ. ಆ ಕಥೆಯನ್ನು ಒಂದೊಂದಾಗಿ ಹೇಳುತ್ತೇವೆ.

ಮೆಣಸು ಕಂಡವರು

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ರಾಮ ಬಾಣ ಬಿಟ್ಟಾಗ ನೀರು ಚಿಮ್ಮಿತು, ಅದಕ್ಕೇ ಶರಾವತಿ ಎಂಬ ಹೆಸರು ಬಂತು ಎನ್ನುವುದು ಅಲ್ಲಿನ ನಂಬಿಕೆ. ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಘಟ್ಟದ ಮೇಲಿನ ಸರಕು ಕಡಲಿಗೆ ಇಳಿಯಲು, ಕಡಲಿನ ಸರಕು ಘಟ್ಟ ಹತ್ತಲು ಈ ಕಣಿವೆಯೇ ದಾರಿ. ದೋಣಿ ಹೋಗುವುದು ಎಲ್ಲಿ ಮುಗಿದು ಘಟ್ಟ ಎಲ್ಲಿ ಶುರುವಾಗುತ್ತದೋ ಅಲ್ಲಿ ಗೇರುಸೊಪ್ಪೆ ಪಟ್ಟಣ ಬೆಳೆಯಿತು.

16ನೇ ಶತಮಾನದ ಎರಡನೇ ಅರ್ಧದಲ್ಲಿ ಇಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. ಅವಳ ಸೀಮೆಯ ಕಾಳುಮೆಣಸಿಗೆ ಪೋರ್ಚುಗೀಸರು ಬಾಯಿಬಿಡುತ್ತಿದ್ದರು. ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅವರ ಜೊತೆ ವ್ಯಾಪಾರವನ್ನೂ ಮಾಡಿದಳು, ಕಾದಾಟವನ್ನೂ ಮಾಡಿದಳು. ಕೊನೆಗೆ ಅವಳ ರಾಜ್ಯವನ್ನು ಮುಗಿಸಿದವರು ದೂರದ ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ಕೆಳದಿ ಅರಸರು. 17ನೇ ಶತಮಾನದ ಮೊದಲ ವರ್ಷಗಳಲ್ಲಿ ವೆಂಕಟಪ್ಪ ನಾಯಕನಿಗೆ ಗೇರುಸೊಪ್ಪೆ ಸೋತಿತು.

1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಇದೇ ಹೊಳೆ ಏರಿ ಗೇರುಸೊಪ್ಪೆಗೆ ಬಂದ. ಗೋವಾದಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದಲ್ಲಿ ಅವನೂ ಇದ್ದ. ಇಷ್ಟು ಚೆಂದದ ಹೊಳೆಯನ್ನು ಜನ್ಮದಲ್ಲಿ ಕಂಡಿಲ್ಲ ಎನ್ನುವ ಅರ್ಥದಲ್ಲಿ ಊರಿಗೆ ಪತ್ರ ಬರೆದ. ಆದರೆ ಪಟ್ಟಣ ಆಗಲೇ ಹಾಳುಬಿದ್ದಿತ್ತು. ರಾಣಿ ಸೋತು ಇಪ್ಪತ್ತು ವರ್ಷವೂ ಆಗಿರಲಿಲ್ಲ, ಅರಮನೆ ಇದ್ದ ಕಡೆ ಗಿಡಮರ ಎದ್ದಿದ್ದವು.

ಆ ಪಟ್ಟಣದಲ್ಲಿ ಇವತ್ತಿಗೂ ನೆಟ್ಟಗೆ ನಿಂತಿರುವ ಕಟ್ಟಡ ನಗರಬಸ್ತಿಕೇರಿಯ ಚತುರ್ಮುಖ ಬಸದಿ. ಹೊಳೆಯ ಆಚೆ ದಡದಲ್ಲಿ, ಕಾಡಿನೊಳಗೆ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕೂ ಕಡೆ ಮುಖ ಮಾಡಿದ ತೀರ್ಥಂಕರರು. ಗೋಪುರವಿಲ್ಲದ ಸರಳ ಕಲ್ಲಿನ ಕಟ್ಟಡ. ಸುತ್ತ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಹಳೇ ಕಲ್ಲುಗಳು, ಬೇರೆ ಬಸದಿಗಳ ಅವಶೇಷಗಳು ಸಿಗುತ್ತವೆ. ಕಾಡು ಒಂದು ರಾಜಧಾನಿಯನ್ನು ಹೇಗೆ ನುಂಗಿತು ಎಂದು ನೋಡಬೇಕಾದವರು ಅಲ್ಲಿಗೆ ಹೋಗಬೇಕು.

ಕಾನು ಅಂದರೆ ಬರೀ ಕಾಡಲ್ಲ

ರಾಣಿಯ ಮೆಣಸು ಬೆಳೆದದ್ದು ಎಲ್ಲಿ? ಈಗಿನ ಹಾಗೆ ಅಡಿಕೆ ತೋಟದಲ್ಲಿ ಮಾತ್ರವಲ್ಲ, ಕಾನಿನಲ್ಲಿ. ಮಲೆನಾಡಿನವರಿಗೆ ಈ ಮಾತು ಗೊತ್ತು. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇವೆ: ಕಾನು ಎಂದರೆ ಸದಾ ಹಸಿರಾಗಿರುವ, ಬಿಸಿಲು ನೆಲ ಮುಟ್ಟದ ಕಾಡು. ಊರಿನವರು ಕೊಡಲಿ ಹಾಕದೆ ಉಳಿಸಿಕೊಂಡದ್ದು. ಅಲ್ಲಿ ದೇವರ ಬನವೂ ಇತ್ತು, ಮೆಣಸಿನ ಬಳ್ಳಿಯೂ ಇತ್ತು, ತೋಟಕ್ಕೆ ನೀರು ಕೊಡುವ ಹಳ್ಳವೂ ಅಲ್ಲೇ ಹುಟ್ಟುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಇಂಥ ಕಾನುಗಳು ಒಂದೊಂದಾಗಿ ಅರಣ್ಯ ಇಲಾಖೆಯ ಕೈಗೆ ಹೋದವು.

ವ್ಯೂ ಪಾಯಿಂಟ್ ಇರುವ ಇದೇ ಹೆದ್ದಾರಿಯಲ್ಲಿ ಕತ್ತಲೆಕಾನು ಬರುತ್ತದೆ. ಹೆಸರೇ ಹೇಳುವಂತೆ ಮಧ್ಯಾಹ್ನವೂ ಮಬ್ಬು. ಅಲ್ಲಿ ರಾಮಪತ್ರೆ ಜಾತಿಯ ಮರಗಳು ವರ್ಷವಿಡೀ ನೀರು ನಿಂತ ಕೆಸರಿನಲ್ಲಿ ಬೆಳೆಯುತ್ತವೆ. ಉಸಿರಾಡಲು ಬೇರುಗಳು ಮಂಡಿ ಮಡಿಸಿದ ಹಾಗೆ ಮೇಲೆದ್ದಿರುತ್ತವೆ. ದಕ್ಷಿಣ ಅಮೆರಿಕದ ಅಮೆಜಾನ್, ಆಫ್ರಿಕದ ಕಾಂಗೊ ಅಂತ ಟೀವಿಯಲ್ಲಿ ತೋರಿಸುವ ಮಳೆಕಾಡಿಗೆ ನಮ್ಮಲ್ಲಿರುವ ಉದಾಹರಣೆ ಇದು. ವಿಜ್ಞಾನಿಗಳಿಗೆ ಅಲ್ಲಿಯವರೆಗೆ ಗೊತ್ತೇ ಇಲ್ಲದ ಒಂದು ಮರ ಇಲ್ಲಿ ಸಿಕ್ಕಿತು. 2000ದಲ್ಲಿ ಅದಕ್ಕೆ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಈ ಊರಿನ ಹೆಸರನ್ನೇ ಇಟ್ಟರು. ಗೇರಿನ ಕುಟುಂಬಕ್ಕೆ ಸೇರಿದ ಮರ ಅದು.

ಈ ಕಾಡಿನ ಇನ್ನೊಬ್ಬ ವಾಸಿ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲು, ಸಿಂಹದಂಥ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಇಲ್ಲ. ಮರದಿಂದ ಮರಕ್ಕೆ ಹಾರಿಯೇ ಬದುಕುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಹಾಗಾಗಿ ಕಾಡಿನ ನಡುವೆ ಅಗಲವಾದ ರಸ್ತೆಯೋ ಲೈನೋ ಬಂದರೆ ಅದಕ್ಕೆ ಆಚೆ ಈಚೆ ಬೇರೆ ಬೇರೆ ದೇಶವಾಗಿಬಿಡುತ್ತದೆ. ಊರಿನವರು ಒಣಗಿಸಿ ಮಾರುವ ಉಪ್ಪಾಗೆ ಹಣ್ಣು ಅದಕ್ಕೂ ಬೇಕು. 1972ರಲ್ಲಿ ಶರಾವತಿ ಕಣಿವೆ ವನ್ಯಧಾಮವಾಯಿತು. 2019ರಲ್ಲಿ ಅದನ್ನು ಹಿಗ್ಗಿಸಿ ಶರಾವತಿ ಸಿಂಗಳೀಕ ವನ್ಯಧಾಮ ಎಂದು ಹೆಸರಿಟ್ಟರು.

ಎರಡು ಸರ್ಕಾರ, ಎರಡು ಬಂಗಲೆ

ಇನ್ನು ಚೆಲುವು ನೋಡಲು ಬಂದವರು. ಜೋಗವನ್ನು ಬ್ರಿಟಿಷರು ಗೇರುಸೊಪ್ಪೆ ಜಲಪಾತ ಎಂದೇ ಕರೆದರು, ಯಾಕೆಂದರೆ ಅವರು ಕಡಲ ಕಡೆಯಿಂದ ಹತ್ತಿ ಬಂದವರು. 1856ರಲ್ಲಿ ನೌಕಾಪಡೆಯ ಇಬ್ಬರು ಅಧಿಕಾರಿಗಳು ಬಂದು ಎತ್ತರ ಅಳೆದರು. ಆಗ ಸಿಕ್ಕ ಸುಮಾರು 830 ಅಡಿಯ ಲೆಕ್ಕವನ್ನೇ ನಾವು ಶಾಲೆಯಲ್ಲಿ ಓದಿದ್ದು.

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ 1956ರವರೆಗೆ ಜಲಪಾತದ ಒಂದು ದಂಡೆ ಬೊಂಬಾಯಿಯದು, ಇನ್ನೊಂದು ಮೈಸೂರಿನದು. ಆ ಕಡೆ ಬಾಂಬೆ ಬಂಗಲೆ, ಈ ಕಡೆ ಮೈಸೂರು ಬಂಗಲೆ. ಬೊಂಬಾಯಿ ಕಡೆಯವರು ರಾಜಾ ಧುಮುಕುವ ಬಂಡೆಯ ಅಂಚಿಗೆ ಹೋಗಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕುತ್ತಿದ್ದರು. ಮೈಸೂರು ಕಡೆಯವರು ಎದುರಿಗೆ ಕೂತು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಒಟ್ಟಿಗೆ ನೋಡುತ್ತಿದ್ದರು. ಎರಡೂ ದಂಡೆಯ ಜನ ಮಾತಾಡುತ್ತಿದ್ದದ್ದು ಕನ್ನಡವೇ. ಒಂದೇ ಹೊಳೆ ಎರಡು ಸರ್ಕಾರದ ಗಡಿಯಾಗಿತ್ತು ಅಷ್ಟೆ.

ಈಗಲೂ ಮೈಸೂರು ಬದಿಯಿಂದ ಗುಂಡಿಗೆ ಇಳಿಯುವ ಮೆಟ್ಟಿಲುಗಳಿವೆ, ಸುಮಾರು 1400. ಇಳಿಯುವುದು ಅರ್ಧ ಮುಕ್ಕಾಲು ಗಂಟೆ, ಹತ್ತುವುದು ಅವರವರ ಮಂಡಿಯ ಶಕ್ತಿ. ಮಳೆ ಜೋರಾದಾಗ ಆ ದಾರಿ ಮುಚ್ಚುತ್ತಾರೆ. ನಮ್ಮ ತಲೆಮಾರಿನವರಿಗೆ ಜೋಗ ಮೊದಲು ಕಂಡದ್ದು ಪರದೆಯ ಮೇಲೆ, 'ಜೀವನ ಚೈತ್ರ' ಸಿನಿಮಾದಲ್ಲಿ ರಾಜ್‌ಕುಮಾರ್ ಹಾಡುವಾಗ.

ಕರೆಂಟು ಕಂಡವರು

ಇಷ್ಟು ನೀರು ಸುಮ್ಮನೆ ಬಿದ್ದು ಹೋಗುತ್ತಿದೆಯಲ್ಲ ಎಂದು ವಿಶ್ವೇಶ್ವರಯ್ಯ ಮರುಗಿದರು ಎನ್ನುವ ಕಥೆಯನ್ನು ಜೋಗಕ್ಕೆ ಹೋದವರೆಲ್ಲ ಕೇಳಿರುತ್ತಾರೆ. ಅವರು ಹಾಗೆ ಹೇಳಿದರೋ ಬಿಟ್ಟರೋ, ಮೈಸೂರು ಸರ್ಕಾರದ ಲೆಕ್ಕಾಚಾರ ಅದೇ ಆಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮೂವತ್ತು ವರ್ಷದಲ್ಲಿ ಅದು ಸಾಲದೇ ಹೋಯಿತು.

1939ರ ಫೆಬ್ರುವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜೋಗದ ಯೋಜನೆಗೆ ಅಡಿಗಲ್ಲು ಹಾಕಿದರು. ಆ ವರ್ಷವೇ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಯಂತ್ರ ತರಿಸುವುದೇ ಕಷ್ಟವಾಗಿ ಕೆಲಸ ಎಳೆಯಿತು. 1940ರ ದಶಕದ ಕೊನೆಗೆ ಟರ್ಬೈನು ತಿರುಗಿತು. ಅಡಿಗಲ್ಲಿನ ಕಾಲಕ್ಕೆ ಕೃಷ್ಣರಾಜೇಂದ್ರರ ಹೆಸರಿದ್ದ ಯೋಜನೆಗೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಎರಡು ಹಂತ ಸೇರಿ ಆಗ 120 ಮೆಗಾವ್ಯಾಟ್ ಇತ್ತು.

ಅದಕ್ಕೆ ನೀರು ಕೂಡಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ತುಂಬಿದ ನೀರು ತಾನಾಗಿಯೇ ಹೊರಹೋಗುವ ಗಣೇಶ್ ಅಯ್ಯರ್ ಸೈಫನ್‌ಗಳು ಅದರ ವಿಶೇಷ. ಆ ಅಣೆಕಟ್ಟಿನ ಆಯುಷ್ಯ ಎರಡು ದಶಕವೂ ಇರಲಿಲ್ಲ. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಎದ್ದಿತು, ಹಿರೇಭಾಸ್ಕರ ಅದರ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಆ ಸೈಫನ್‌ಗಳು ಮತ್ತೆ ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟನ್ನೇ ಅಣೆಕಟ್ಟು ಮುಳುಗಿಸಿದ ಊರು ನಮ್ಮದು.

ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅಲ್ಲಿಂದ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಘಟ್ಟದ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಪೈಪಿನಲ್ಲಿ ಧುಮುಕುತ್ತದೆ. ಹತ್ತು ಯಂತ್ರ, 1035 ಮೆಗಾವ್ಯಾಟ್. ಹೊರಬಂದ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೆ ತಡೆದು ಇನ್ನೂ 240 ಮೆಗಾವ್ಯಾಟ್ ತೆಗೆಯುತ್ತಾರೆ. ವ್ಯೂ ಪಾಯಿಂಟಿನಿಂದ ಕಾಣುವುದು ಆ ಕೊನೆಯ ನೀರು.

ಈ ಕರೆಂಟಿನ ಜೊತೆಗೇ ಪಶ್ಚಿಮ ಬೆಂಗಳೂರು ಬೆಳೆಯಿತು. ರಾಜಾಜಿನಗರ ಬಡಾವಣೆ ಶುರುವಾದದ್ದು 1949ರಲ್ಲಿ, ಜೋಗದ ಟರ್ಬೈನು ತಿರುಗಿದ ಕಾಲದಲ್ಲೇ. ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತು ಮಷೀನುಗಳಿಗೆ, ಆಮೇಲೆ ವಿಜಯನಗರ, ಬಸವೇಶ್ವರನಗರದ ಮನೆಗಳಿಗೆ ದೀಪ ಬೇಕಿತ್ತು. ನಾಡಿಗೆ ವಿದ್ಯುತ್ತು ಕೊಟ್ಟ ನದಿಗಳಲ್ಲಿ ಹಲವು ದಶಕ ಶರಾವತಿಯೇ ದೊಡ್ಡದು. ನಮ್ಮ ಹಳ್ಳಿಗಳ ಪಂಪ್‌ಸೆಟ್ಟೂ ಅದರಲ್ಲೇ ಓಡಿದೆ. ಇದನ್ನು ಮರೆತು ಬರೀ ಬೆಂಗಳೂರನ್ನು ಬೈದರೆ ನ್ಯಾಯವಾಗುವುದಿಲ್ಲ.

ಕಾಣದೇ ಹೋದವರು

ಲಿಂಗನಮಕ್ಕಿಯ ಹಿನ್ನೀರು ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಹಿಡಿದಿದೆ. ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟ, ಕಾನು ಅದರ ಅಡಿಯಲ್ಲಿವೆ. ಸಾವಿರಾರು ಕುಟುಂಬ ಎದ್ದು ಹೋದವು. ಮಲೆನಾಡಿನಲ್ಲಿ 'ಮುಳುಗಡೆ' ಎನ್ನುವುದು ಬರೀ ಒಂದು ಪದವಲ್ಲ, ಒಂದು ಕಾಲದ ಹೆಸರು. ನೀವು ಯಾವ ಕಡೆಯವರು ಎಂದು ಕೇಳಿದರೆ "ನಾವು ಮುಳುಗಡೆಯವರು" ಎಂದೇ ಉತ್ತರ ಬರುತ್ತದೆ.

ಇಲ್ಲಿ ಎರಡು ಇಸವಿ ನೆನಪಿಡಬೇಕು. ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಿತ್ತು. ಗೇಣಿ ಅಳೆಯುವ ಕೊಳಗ ದೊಡ್ಡದಿದೆ ಎಂದು ಶುರುವಾದ ಜಗಳ ಉಳುವವನಿಗೇ ಭೂಮಿ ಎನ್ನುವ ಮಟ್ಟಕ್ಕೆ ಬೆಳೆಯಿತು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಜೈಲಿಗೆ ಹೋದರು. ಆ ಬೇಡಿಕೆ ದೊಡ್ಡದಾಗಿ ಈಡೇರಿದ್ದು ದೇವರಾಜ ಅರಸು ಕಾಲದ 1974ರ ಭೂಸುಧಾರಣೆಯಲ್ಲಿ. ಲಿಂಗನಮಕ್ಕಿ ತುಂಬಿದ್ದು 1964ರಲ್ಲಿ. ಹತ್ತು ವರ್ಷ ಮೊದಲು. ನೀರು ಬಂದಾಗ ಗೇಣಿದಾರರ ಹೆಸರು ಪಹಣಿಯಲ್ಲಿ ಇರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರು ಎಲ್ಲಿಂದ ಬರಬೇಕು? ಸ್ವಲ್ಪ ಕಾಲ ಬೇರೆಯಾಗಿದ್ದರೆ ಆ ಗದ್ದೆ ಅವರದೇ ಆಗಿರುತ್ತಿತ್ತು.

ಎದ್ದು ಹೋದವರಿಗೆ ಸರ್ಕಾರ ಬೇರೆ ಕಡೆ ಜಾಗ ತೋರಿಸಿತು. ಅದರಲ್ಲಿ ಬಹಳಷ್ಟು ಅರಣ್ಯಭೂಮಿ. ಕಾಡು ಕಡಿದು ಗದ್ದೆ ಮಾಡಿಕೊಂಡರು, ಆದರೆ ಕಾಗದದಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. ಅದಕ್ಕೇ ಅರವತ್ತು ವರ್ಷದ ಮೇಲೂ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿ ಸುತ್ತುತ್ತಿದ್ದಾರೆ. ಹಕ್ಕುಪತ್ರವಿಲ್ಲದೆ ಬ್ಯಾಂಕಿನ ಸಾಲವೂ ಕಷ್ಟ.

ಇನ್ನು ನೀರಿನ ಆಚೆ ಉಳಿದ ತುಮರಿ ಕಡೆಯವರು. ಅವರ ಊರು ಮುಳುಗಲಿಲ್ಲ, ದಾರಿ ಮುಳುಗಿತು. ಆಸ್ಪತ್ರೆಗೂ ಕಾಲೇಜಿಗೂ ಲಾಂಚೇ ಗತಿಯಾಗಿತ್ತು. ಸಂಜೆ ಕೊನೆಯ ಲಾಂಚ್ ಹೋದರೆ ಬೆಳಗಾಗುವವರೆಗೆ ಕಾಯಬೇಕಿತ್ತು, ಇಲ್ಲವೇ ಬಹಳ ದೂರ ಸುತ್ತಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟಿಗೂ ಸೇತುವೆಗೂ ನಡುವೆ 61 ವರ್ಷ. ಈಗ ಸಿಗಂದೂರು ಚೌಡೇಶ್ವರಿಗೆ ಹೋಗುವ ಭಕ್ತರು ಸೇತುವೆಯ ಮೇಲೆ ನಿಂತು ಫೋಟೊ ತೆಗೆಯುತ್ತಾರೆ. ಕೆಳಗಿರುವುದು ಊರುಗಳು.

ಈ ನೋವನ್ನು ಮೊದಲು ದೊಡ್ಡದಾಗಿ ಬರೆದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 'ಮುಳುಗಡೆ', 'ದ್ವೀಪ' ಕಾದಂಬರಿಗಳು ಅಲ್ಲಿಂದ ಬಂದವು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ತೆರೆಯಲು ಆರು ತಿಂಗಳು ಬಾಕಿ ಇತ್ತು.

ಈಗ ನೀರು ಕಾಣುತ್ತಿದೆ

2019ರಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಕುಡಿಯುವ ನೀರು ತರುವ ಮಾತು ಸರ್ಕಾರದಿಂದ ಬಂತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಪಕ್ಷ, ಜಾತಿ ಬಿಟ್ಟು ಜನ ಬೀದಿಗೆ ಬಂದರು. ಯೋಜನೆ ಆಗ ಹಿಂದೆ ಸರಿಯಿತು, ಮಾತು ಮಾತ್ರ ಆಗಾಗ ತಲೆ ಎತ್ತುತ್ತದೆ.

ಸರಳ ಲೆಕ್ಕ ಮಾಡೋಣ. ಲಿಂಗನಮಕ್ಕಿ ತುಂಬಿದಾಗ 1819 ಅಡಿ. ಬೆಂಗಳೂರು ಸುಮಾರು 3000 ಅಡಿ. ಅಂದರೆ ನೂರಾರು ಕಿಲೋಮೀಟರ್ ಪೈಪಿನಲ್ಲಿ ನೀರನ್ನು ಸಾವಿರ ಅಡಿಗೂ ಮೇಲಕ್ಕೆ ಎತ್ತಬೇಕು. ಕೆಳಗೆ ಬಿದ್ದು ಕರೆಂಟು ಕೊಡುತ್ತಿದ್ದ ನೀರನ್ನು ಕರೆಂಟು ಹಾಕಿ ಮೇಲೆತ್ತಬೇಕು.

ಪಶ್ಚಿಮ ಬೆಂಗಳೂರಿಗೆ ತನ್ನದೇ ಹೊಳೆ ಇರಲಿಲ್ಲವೇ? ಇತ್ತು, ಈಗಲೂ ಇದೆ. ವೃಷಭಾವತಿ ಬಸವನಗುಡಿ ಕಡೆ ಹುಟ್ಟಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಪಕ್ಕ ಹಾದು, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಕೆಂಗೇರಿಯಲ್ಲಿ ಬಸ್ಸು ನಿಂತಾಗ ಬರುವ ವಾಸನೆ ಅದರದೇ. 1933ರಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಈ ಬಡಾವಣೆಗಳಿಗೆ ದಶಕಗಟ್ಟಲೆ ನೀರು ಕೊಟ್ಟಿತು. ಹೊಳೆಯ ಮೇಲ್ಭಾಗದ ಕೆರೆ, ಕಾಲುವೆ ಹಾಳಾಗಿ ಅದೂ ಸೊರಗಿತು. ಹತ್ತಿರದ ಎರಡು ಹೊಳೆ ಕಳೆದುಕೊಂಡ ಊರು ನಾಲ್ಕುನೂರು ಕಿಲೋಮೀಟರ್ ಆಚೆಯ ಹೊಳೆಯನ್ನು ಕೇಳುತ್ತಿದೆ. ಈ ಬಡಾವಣೆಗಳಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವವರಲ್ಲಿ ನಮ್ಮ ಹಳ್ಳಿಗಳ ಹುಡುಗರು, ಹೆಣ್ಣುಮಕ್ಕಳೇ ಎಷ್ಟೋ ಜನ. ಟ್ಯಾಂಕರ್‌ಗೆ ದುಡ್ಡು ಕೊಡುವವರು ಅವರೇ. ಹಾಗಾಗಿ ಈ ಪ್ರಶ್ನೆ ಹಳ್ಳಿ ಒಂದು ಕಡೆ, ಪೇಟೆ ಇನ್ನೊಂದು ಕಡೆ ಎಂದು ಸುಲಭಕ್ಕೆ ಒಡೆಯುವುದಿಲ್ಲ.

ಇನ್ನೊಂದು ಯೋಜನೆ ವ್ಯೂ ಪಾಯಿಂಟಿನ ಕಣ್ಣೆದುರಿನ ಕಣಿವೆಗೇ ಸೇರಿದ್ದು. ಗೇರುಸೊಪ್ಪೆಯ ನೀರನ್ನು ರಾತ್ರಿ ಅಥವಾ ಕರೆಂಟು ಹೆಚ್ಚಿರುವ ಹೊತ್ತಿನಲ್ಲಿ ಮೇಲಿನ ತಳಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ 2000 ಮೆಗಾವ್ಯಾಟ್ ಪಡೆಯುವುದು. ಪಂಪ್ಡ್ ಸ್ಟೋರೇಜ್ ಎನ್ನುತ್ತಾರೆ. ಸೋಲಾರ್, ಗಾಳಿ ವಿದ್ಯುತ್ತು ಹೆಚ್ಚಾಗುತ್ತಿರುವಾಗ ಅದನ್ನು ಕೂಡಿಡಲು ಇದು ಬೇಕು ಎನ್ನುವುದು ಸರ್ಕಾರದ ವಾದ. ಆ ವಾದದಲ್ಲಿ ಹುರುಳಿದೆ. ಆದರೆ ಎತ್ತಲು ಹಾಕುವ ಕರೆಂಟು ಇಳಿಸಿ ಪಡೆಯುವುದಕ್ಕಿಂತ ಯಾವಾಗಲೂ ಹೆಚ್ಚು. ಸುರಂಗ, ರಸ್ತೆಗಳಿಗೆ ಐವತ್ತಕ್ಕೂ ಹೆಚ್ಚು ಹೆಕ್ಟೇರ್ ಕಾಡು ಬೇಕು, ಅದೂ ಸಿಂಗಳೀಕ ವನ್ಯಧಾಮದ ಒಳಗೆ. ಘಟ್ಟ ಕುಸಿಯುವ ಭಯ ಬೇರೆ. ಹೊನ್ನಾವರ, ಸಾಗರ ಎರಡೂ ಕಡೆ ವಿರೋಧ ನಡೆದಿದೆ. ಒಮ್ಮೆ ಮುಳುಗಿದ ಕಣಿವೆ ಎರಡನೇ ಸಲ ನಾಡಿನ ಭಾರ ಹೊರಬೇಕೇ ಎನ್ನುವುದು ಅಲ್ಲಿನವರ ಪ್ರಶ್ನೆ. ಮೊದಲ ಸಲದ ಹಕ್ಕುಪತ್ರವೇ ಇನ್ನೂ ಬಾಕಿ ಇರುವಾಗ ಆ ಪ್ರಶ್ನೆಗೆ ಉತ್ತರ ಕೊಡುವುದು ಸರ್ಕಾರಕ್ಕೆ ಸುಲಭವಲ್ಲ.

ಹೋಗುವವರಿಗೆ

ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ, ಹೋಗಿ. ಆಗಸ್ಟಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ಜೋರು ಮಳೆಯಲ್ಲಿ ಮಂಜು ಮುಸುಕಿದರೆ ವ್ಯೂ ಪಾಯಿಂಟಿನಲ್ಲಿ ಏನೂ ಕಾಣುವುದಿಲ್ಲ, ಅರ್ಧ ಗಂಟೆ ಕಾದರೆ ತೆರೆದುಕೊಳ್ಳುವುದುಂಟು. ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ. ಕಾಡಿನೊಳಗೆ ಅನುಮತಿ ಇಲ್ಲದೆ ಇಳಿಯಬೇಡಿ. ಉಂಬಳಕ್ಕೆ ಉಪ್ಪೋ ಸುಣ್ಣವೋ ಜೇಬಿನಲ್ಲಿರಲಿ. ಮಂಗಗಳಿಗೆ ತಿಂಡಿ ಹಾಕಬೇಡಿ, ರಸ್ತೆಗೆ ಬರುವ ಅಭ್ಯಾಸವಾದ ಮಂಗ ಗಾಡಿಗೆ ಸಿಕ್ಕೇ ಸಾಯುತ್ತದೆ. ಸಮಯವಿದ್ದರೆ ನಗರಬಸ್ತಿಕೇರಿಗೆ ಹೋಗಿ ಬನ್ನಿ, ತುಮರಿ ಸೇತುವೆ ದಾಟಿ ಅಲ್ಲಿಯ ಅಂಗಡಿಯಲ್ಲಿ ಚಹಾ ಕುಡಿದು ಹಿರಿಯರ ಜೊತೆ ಮಾತಾಡಿ.

ಕೊನೆಗೆ ಒಂದು ಕೋರಿಕೆ. ಹಿರೇಭಾಸ್ಕರ, ಲಿಂಗನಮಕ್ಕಿ ಕಾಲದ ಮುಳುಗಡೆಯನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಮುಳುಗಿದ ಊರಿನ ಹೆಸರು, ಗದ್ದೆಯ ಹೆಸರು, ದೇವರ ಹೆಸರು, ಹೊರಟ ದಿನ ಏನೇನು ಹೊತ್ತು ತಂದರು ಎಲ್ಲವನ್ನೂ ಕೇಳಿ. ಅಣೆಕಟ್ಟಿನ ಲೆಕ್ಕ ಸರ್ಕಾರದ ಕಡತದಲ್ಲಿದೆ. ಈ ಲೆಕ್ಕ ಅವರ ಹತ್ತಿರ ಮಾತ್ರ ಇದೆ.